ಕೊನೆಯ ಹೊಲದ ಪಾಳಿ

"ಬುದ್ಧಿ, ಒಮ್ಮೆ ಮನುಷ್ಯನ ಮೇಲೆ ಕೋವಿ ಎತ್ತಿ, ಅದಕ್ಕೆ ಶಿಕ್ಷೆಯನ್ನೂ ಅನುಭವಿಸಿ ಬಂದವನು, ತನ್ನ ಜೀವ ಕಾಯ್ದುಕೊಳ್ಳಲು ಮತ್ತೆ ಕೋವಿ ಹಿಡಿಯಬಹುದೋ, ಬಾರದೋ?"

ಹೀಗೆ ಕೇಳಿದವನು ಶಿಷ್ಯ ಗುರುಮಲ್ಲ. ಗುರುಗಳು ಮಠದ ಒಳತೊಟ್ಟಿಯ ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಕೈ ನಿಲ್ಲಿಸದೆಯೇ, "ಈ ಸಂಶಯ ಯಾರದು?" ಎಂದರು.

ಗುರುಮಲ್ಲ ಹೇಳಿದ. ಕಾಡಂಚಿನ ಊರಿನಿಂದ ರಾಚಪ್ಪ ಎಂಬವನು ಬಂದಿದ್ದಾನೆ. ಹಿಂದೆ ಯಾವುದೋ ಜಗಳದಲ್ಲಿ ಒಬ್ಬನನ್ನು ಗುಂಡಿಕ್ಕಿ ಕೊಂದು ಜೈಲಿಗೆ ಹೋಗಿದ್ದ. ಶಿಕ್ಷೆ ಮುಗಿಸಿ ಬಂದಿದ್ದಾನೆ. ಈಗ ಸತ್ತವನ ಕಡೆಯವರು ದಾರಿಯಲ್ಲಿ ಅಡ್ಡಗಟ್ಟಿ ಹೆದರಿಸುತ್ತಾರೆ. ಹೊಲಕ್ಕೆ ಹಂದಿಯ ಕಾಟ ಬೇರೆ. ಬಂದೂಕಿನ ಲೈಸೆನ್ಸ್ ಕೇಳಲು ಹೋದರೆ, ಕೊಲೆಯ ಶಿಕ್ಷೆ ಆದವನಿಗೆ ಅದು ಇಲ್ಲ ಎಂದು ಹೇಳಿ ಕಳಿಸಿದ್ದಾರೆ. ಇದು ನ್ಯಾಯವೋ ಅನ್ಯಾಯವೋ, ಮಠದಿಂದ ಒಂದು ಮಾತು ಬೇಕು ಅನ್ನುತ್ತಿದ್ದಾನೆ.

"ಎಲ್ಲಿದ್ದಾನೆ ಅವನು?"

"ಗೇಟಿನ ಆಚೆ ಕೂತಿದ್ದಾನೆ ಬುದ್ಧಿ. ನಾನೇ ಅಲ್ಲಿರು ಅಂದೆ." ಗುರುಮಲ್ಲ ಸೇರಿಸಿದ. "ಒಳಗೆ ಮಕ್ಕಳು ಓದಿಕೊಳ್ಳುತ್ತಿದ್ದಾರಲ್ಲ, ಅದಕ್ಕೆ."

ಗುರುಗಳು ಇನ್ನೊಂದು ಕಾಯಿ ಸುಲಿದರು.

ಗುರುಮಲ್ಲ ಮಠಕ್ಕೆ ಬರುವ ಮುಂಚೆ ವಕೀಲಿಕೆ ಓದಿದವನು. ಓದು ಅವನನ್ನು ಇನ್ನೂ ಬಿಟ್ಟಿರಲಿಲ್ಲ. "ಬೆಳಗಿನಿಂದ ತಲೆ ಕೆಟ್ಟುಹೋಗಿದೆ ಬುದ್ಧಿ," ಎಂದ. "ಶಿಕ್ಷೆ ಮುಗಿದ ಮೇಲೂ ಕೈ ಕಟ್ಟಿಯೇ ಇಟ್ಟರೆ ಶಿಕ್ಷೆ ಮುಗಿದದ್ದು ಹೇಗೆ? ಅವನದೂ ಜೀವವೇ ತಾನೇ? ಹೀಗೆ ಅಂದುಕೊಂಡು ಗೇಟಿನವರೆಗೆ ಹೋಗುತ್ತೇನೆ. ಅವನ ಕೈ ನೋಡುತ್ತೇನೆ. ಸಿಟ್ಟಿನಲ್ಲಿ ಒಬ್ಬನ ಪ್ರಾಣ ತೆಗೆದ ಕೈ ಅದು. ನಾಳೆ ಇನ್ನೊಂದು ಹೆಣ ಬಿದ್ದರೆ ಅದರ ಪಾಪ ಯಾರಿಗೆ ಅನ್ನಿಸುತ್ತದೆ. ತಿರುಗಿ ಬರುತ್ತೇನೆ. ಇಲ್ಲಿ ಬಂದರೆ ಮತ್ತೆ ಮೊದಲಿನ ಮಾತೇ ಸರಿ ಅನ್ನಿಸುತ್ತದೆ. ನೀವು ಹೌದು ಅನ್ನಿ, ಇಲ್ಲ ಅನ್ನಿ, ಯಾವುದಾದರೂ ಒಂದು ಹೇಳಿಬಿಡಿ. ಅವನಿಗೆ ತಿಳಿಸಿ ಕಳಿಸಿಬಿಡುತ್ತೇನೆ."

"ಕಳಿಸುವ ಅವಸರ ನಿನಗೆ," ಎಂದರು ಗುರುಗಳು. "ಕೂತುಕೋ. ನೀನೂ ನಾಲ್ಕು ಕಾಯಿ ಸುಲಿ. ಕತೆ ಹೇಳುತ್ತೇನೆ."

ಗುರುಮಲ್ಲ ಕೂತ. ಗುರುಗಳು ಹೇಳತೊಡಗಿದರು.

ಒಂದೂರು. ಊರಿನ ಹೊಲಗಳು ಮುಗಿದಲ್ಲಿ ಕಾಡು ಶುರು. ಎಲ್ಲಿ ಕಾಡು ಮುಗಿಯಿತು, ಎಲ್ಲಿ ಹೊಲ ಶುರುವಾಯಿತು ಎಂಬುದು ಊರಿನವರಿಗೆ ಗೊತ್ತಿತ್ತು, ಹಂದಿಗಳಿಗೆ ಗೊತ್ತಿರಲಿಲ್ಲ. ಅದಕ್ಕಾಗಿ ಮನೆಗೊಂದು ಕೋವಿ ಇತ್ತು. ಕೋವಿ ತಂದದ್ದು ಹಂದಿಗೆ ಅಂತಲೇ. ಆದರೆ ಮನೆಯಲ್ಲಿ ಕೋವಿ ಇದ್ದು, ತಲೆಯಲ್ಲಿ ಸಿಟ್ಟೂ ಇದ್ದರೆ, ಹಂದಿಯೇ ಎದುರಿಗೆ ಬರಬೇಕು ಅಂತೇನಿಲ್ಲ. ಇದನ್ನು ಕಂಡಿದ್ದ ಆ ಊರಿನ ಹಿರಿಯರು ಒಂದು ಕಟ್ಟು ಮಾಡಿದ್ದರು.

ಯಾರಾದರೂ ಮನುಷ್ಯನ ಮೇಲೆ ಕೋವಿ ತಿರುಗಿಸಿದರೆ ಆ ಕೋವಿಯನ್ನು ತಂದು, ಮೂತಿ ಕೆಳಗೆ ಮಾಡಿ, ಚಾವಡಿಯ ಗೋಡೆಗೆ ನೇತುಹಾಕಬೇಕು. ಸರಕಾರ ಕೊಡುವ ಶಿಕ್ಷೆ ಬೇರೆ, ಅದಕ್ಕೆ ಒಂದು ಕೊನೆ ಇದೆ. ಇದಕ್ಕೆ ಇಲ್ಲ. ಅವನು ಬದುಕಿರುವ ತನಕ ಕೋವಿ ಮುಟ್ಟಬಾರದು. ಆಯುಧಪೂಜೆಯ ದಿನ ಊರಿನವರು ಆ ಕೋವಿಯನ್ನೂ ಇಳಿಸಿ, ಒರೆಸಿ, ಎಣ್ಣೆ ಹಚ್ಚಿ, ಕುಂಕುಮ ಇಟ್ಟು ಮತ್ತೆ ನೇತುಹಾಕುತ್ತಿದ್ದರು. ಕೋವಿಯ ಒಡೆಯ ಅಂಗಳದಲ್ಲಿ ನಿಂತು ನೋಡಬಹುದಿತ್ತು. ಚಾವಡಿಯ ಮೆಟ್ಟಿಲು ಹತ್ತುವ ಹಾಗಿರಲಿಲ್ಲ.

ಇದು ಕಟ್ಟಿನ ಅರ್ಧ. ಇನ್ನರ್ಧವೂ ಇತ್ತು. ಊರು ಯಾರ ಕೋವಿಯನ್ನು ಕಿತ್ತುಕೊಂಡಿತೋ ಅವನ ಹೊಲ, ಮನೆ, ಜೀವ ಇಷ್ಟನ್ನೂ ಕಾಯುವುದು ಊರಿನ ಕೆಲಸ. ಕೋವಿ ಇರುವ ಮನೆಗಳವರು ಪಾಳಿಯ ಮೇಲೆ, ದಿನಕ್ಕೊಬ್ಬರಂತೆ, ಹೊತ್ತು ಮುಳುಗುವ ಮುಂಚೆ ಅವನ ಹೊಲಕ್ಕೆ ಹೋಗಿ ಅಟ್ಟಣೆ ಹತ್ತಿ ಕಾವಲು ಕೂರಬೇಕು. ಬರಿಗೈ ಮಾಡಿದ ಮೇಲೆ ಅವನನ್ನು ಕಾಡಿನ ಬಾಯಿಗೆ ಬಿಟ್ಟು ಬರಬಾರದು ಎಂಬಷ್ಟು ಬುದ್ಧಿ ಆ ಹಿರಿಯರಿಗೆ ಇತ್ತು. ನಮಗಿಂತ ಹೆಚ್ಚೇ ಇತ್ತು ಅಂತ ನನಗೆ ಅನ್ನಿಸುತ್ತದೆ.

ಆ ಊರಿನಲ್ಲಿ ಒಬ್ಬ ರೈತ. ಕಾಡಿಗೆ ಅಂಟಿಕೊಂಡ ಕೊನೆಯ ಹೊಲ ಅವನದು. ಒಂದು ದಿನ ಕಾಲುವೆ ನೀರಿಗಾಗಿ ಪಕ್ಕದ ಹೊಲದವನ ಜೊತೆ ಮಾತಿಗೆ ಮಾತು ಬೆಳೆಯಿತು. ರೈತ ಕೋವಿ ಎತ್ತಿದ. ಪಕ್ಕದ ಹೊಲದವನು ಅಲ್ಲೇ ಬಿದ್ದ. ರೈತ ಕೋವಿ ಬಿಸಾಕಿ, ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಏಳು ಏಳು ಎಂದು ಗೋಳಾಡಿದ. ಅವನು ಏಳಲಿಲ್ಲ. ರೈತ ಜೈಲಿಗೆ ಹೋದ. ಕೋವಿ ಚಾವಡಿಗೆ ಹೋಯಿತು.

ವರ್ಷಗಳು ಕಳೆದವು. ರೈತ ಹಿಂದಿರುಗಿ ಬಂದಾಗ ತಲೆ ನರೆತಿತ್ತು. ಹೆಂಡತಿ ಹೊಲವನ್ನು ಮಾರದೆ ಉಳಿಸಿಕೊಂಡಿದ್ದಳು. ಗಂಡ ಹೆಂಡತಿ ಇಬ್ಬರೂ ಸೇರಿ ಮುಸುಕಿನ ಜೋಳ ಬಿತ್ತಿದರು. ತೆನೆ ಹಾಲುಗಟ್ಟುವ ಹೊತ್ತಿಗೆ ಹಂದಿಗಳು ಬರತೊಡಗಿದವು. ರೈತ ಪಟೇಲನ ಮನೆಗೆ ಹೋಗಿ ಅಂಗಳದಲ್ಲಿ ನಿಂತ.

"ಕೋವಿ ಕೊಡಿ ಅಂತ ಕೇಳಕ್ಕೆ ಬಂದಿಲ್ಲ ಪಟೇಲ್ರೇ," ಎಂದ. "ಪಾಳಿ ಶುರು ಮಾಡ್ಸಿ."

ಪಟೇಲ ಒಳ್ಳೆಯ ಮನುಷ್ಯ. ಅಂದೇ ಊರಿನಲ್ಲಿ ಹೇಳಿಸಿದ. ಪಾಳಿ ಶುರುವಾಯಿತು. ಮೊದಮೊದಲು ಎಲ್ಲರೂ ಹೋದರು. ಕಂಬಳಿ ಹೊದ್ದು, ಬುತ್ತಿ ಕಟ್ಟಿಕೊಂಡು ಹೋಗಿ ಅಟ್ಟಣೆಯ ಮೇಲೆ ಕೂತರು. ರೈತನ ಹೆಂಡತಿ ಅವರಿಗೆ ಬಿಸಿನೀರು ಕಾಯಿಸಿ ಕೊಡುತ್ತಿದ್ದಳು. ಕೊಂದವನ ಮನೆಯ ನೀರು ಕುಡಿಯಬಹುದೋ ಬಾರದೋ ಎಂದು ಕೆಲವರಿಗೆ ಅನುಮಾನ. ಚಳಿಗೆ ಕುಡಿದರು.

ಆಮೇಲೆ ಊರಿನ ಒಬ್ಬ ವ್ಯಾಪಾರಿಯ ಪಾಳಿ ಬಂತು. ಅಂಗಡಿ ಮುಚ್ಚಿ ಅಷ್ಟು ದೂರ ನಡೆಯುವುದು ಅವನಿಗೆ ಬೇಸರ. ತನ್ನ ಅಂಗಳದಲ್ಲೇ ನಿಂತು, ಕೋವಿಯನ್ನು ಕೊನೆಯ ಹೊಲದ ಕಡೆಗೆ ಎತ್ತಿ, ಆಕಾಶಕ್ಕೆ ಒಂದು ಈಡು ಹಾರಿಸಿದ. ಸದ್ದು ಕಾಡಿನವರೆಗೆ ಹೋಯಿತು. ಆ ದಿನ ಹಂದಿ ಬರಲಿಲ್ಲ. ವ್ಯಾಪಾರಿ ಕೋವಿ ಒಳಗಿಟ್ಟು ಊಟಕ್ಕೆ ಕೂತ. ಮಾರನೆಯ ದಿನದವನು ಇದನ್ನು ನೋಡಿದ್ದ. ಅವನೂ ಅಂಗಳದಿಂದಲೇ ಹಾರಿಸಿದ. ಅದರ ಮಾರನೆಯವನು ಎಲೆ ಅಡಿಕೆ ಮೆಲ್ಲುತ್ತಾ ಜಗಲಿಯಿಂದ ಹಾರಿಸಿದ. ಕೆಲವೇ ದಿನಗಳಲ್ಲಿ ಪಾಳಿ ಅಂದರೆ ಅಷ್ಟೇ ಎಂದಾಯಿತು. ಯಾರನ್ನಾದರೂ ಕೇಳಿದರೆ, ಪಾಳಿ ತಪ್ಪಿಸಿಲ್ಲವಲ್ಲ, ಮದ್ದು ಖರ್ಚು ಮಾಡಿದ್ದೇವಲ್ಲ ಎಂದು ಎದೆ ತಟ್ಟಿ ಹೇಳುತ್ತಿದ್ದರು. ಸುಳ್ಳು ಹೇಳುತ್ತಿದ್ದೇವೆ ಎಂದು ಅವರಿಗೆ ಅನ್ನಿಸಿರಲಿಲ್ಲ.

ಅತ್ತ ಕೊನೆಯ ಹೊಲದಲ್ಲಿ ರೈತ ಖಾಲಿ ಅಟ್ಟಣೆಯ ಕೆಳಗೆ ಒಬ್ಬನೇ ಕಾಯುತ್ತಿದ್ದ. ಹೊತ್ತು ಮುಳುಗುವಾಗ ಊರಿನ ಕಡೆಯಿಂದ ಒಂದು ಈಡು ಕೇಳಿಸುತ್ತಿತ್ತು. ಯಾರು ಹೊಡೆದರು, ಯಾರ ಕಡೆಗೆ ಹೊಡೆದರು, ಕಾಯಲು ಹೊಡೆದರೋ ಕೊಲ್ಲಲು ಹೊಡೆದರೋ, ಅವನಿಗೆ ತಿಳಿಯುತ್ತಿರಲಿಲ್ಲ. ಸತ್ತವನಿಗೆ ಒಬ್ಬ ತಮ್ಮನಿದ್ದ, ಅವನ ಮನೆಯಲ್ಲೂ ಕೋವಿ ಇತ್ತು ಎಂಬುದು ಮಾತ್ರ ನೆನಪಾಗುತ್ತಿತ್ತು. ಈಡು ಕೇಳಿದ ಕೂಡಲೇ ಜೋಳದ ಸಾಲಿನಲ್ಲಿ ಬೋರಲು ಮಲಗಿಬಿಡುತ್ತಿದ್ದ. ಹೆಂಡತಿ ಮೊದಲು ನಕ್ಕಳು. ಆಮೇಲೆ ಅವಳೂ ಅವನ ಪಕ್ಕದಲ್ಲಿ ಮಲಗತೊಡಗಿದಳು.

ಇಲ್ಲಿ ಗುರುಮಲ್ಲ ಬಾಯಿ ಹಾಕಿದ. "ಹಾಗಾದರೆ ಅವನ ಕೋವಿ ಅವನಿಗೆ ಕೊಟ್ಟುಬಿಡಬೇಕಿತ್ತು ಬುದ್ಧಿ. ಊರು ತನ್ನ ಮಾತು ನಡೆಸಲಿಲ್ಲವಲ್ಲ."

"ಕೊಡಬೇಕಿತ್ತು ಅನ್ನುತ್ತೀಯ?"

"ಹೌದು."

"ಆಗಲಿ," ಎಂದು ಗುರುಗಳು ಮುಂದುವರಿಸಿದರು.

ಸತ್ತವನ ತಮ್ಮನ ಮನೆಯನ್ನು ಪಟೇಲ ಪಾಳಿಯಿಂದ ಬಿಟ್ಟಿದ್ದ. ಯಾರೂ ಹಾಗೆ ಹೇಳಿರಲಿಲ್ಲ. ಅಣ್ಣನನ್ನು ಕೊಂದವನನ್ನು ಹೋಗಿ ಕಾಯಿ ಅಂತ ಯಾವ ಬಾಯಿಂದ ಹೇಳುವುದು ಎಂದು ಸುಮ್ಮನಿದ್ದ. ಒಂದು ದಿನ ತಮ್ಮ ತಾನಾಗಿಯೇ ಚಾವಡಿಗೆ ಬಂದ.

"ನಮ್ಮನೆ ಪಾಳಿ ಯಾಕ್ ಬಿಟ್ರಿ ಪಟೇಲ್ರೇ?" ಎಂದ. "ನಮ್ಮನೇಲೂ ಕೋವಿ ಐತೆ. ನಾಳೆ ನಾನ್ ಹೋಯ್ತೀನಿ."

"ಯಾಕಪ್ಪ ಹೋಯ್ತೀಯ?"

"ಪಾಳಿ ಅಂತ ಹೋಯ್ತೀನಿ."

ಅವನ ದನಿ ಏರಲಿಲ್ಲ. ಮುಖದಲ್ಲಿ ಸಿಟ್ಟು ಕಾಣಲಿಲ್ಲ, ನಗೆಯೂ ಕಾಣಲಿಲ್ಲ. ಊರಿನಲ್ಲಿ ಗುಸುಗುಸು ಶುರುವಾಯಿತು. ದೊಡ್ಡ ಮನಸ್ಸು ಎಂದರು ಕೆಲವರು. ನಾಳೆಗೆ ಕೊನೆಯ ಹೊಲದವನ ಕತೆ ಮುಗಿಯಿತು ಎಂದರು ಇನ್ನು ಕೆಲವರು. ಎರಡನ್ನೂ ಒಂದೇ ಬಾಯಲ್ಲಿ ಹೇಳಿದವರೂ ಇದ್ದರು. ಪಟೇಲನಿಗೆ ದಿಕ್ಕೇ ತೋಚಲಿಲ್ಲ. ಬೇಡ ಅಂದರೆ, ಏನೂ ಮಾಡದವನನ್ನು ಕೊಲೆಗಾರ ಎಂದ ಹಾಗಾಗುತ್ತದೆ. ಹೋಗು ಅಂದರೆ, ಬರಿಗೈಯವನ ಎದುರಿಗೆ ಹಗೆಯ ಕೈಲಿ ಕೋವಿ ಕೊಟ್ಟು ಕೂರಿಸಿದ ಹಾಗಾಗುತ್ತದೆ.

ಸುದ್ದಿ ತಿಳಿದು ರೈತ ಓಡಿ ಬಂದ. ಚಾವಡಿಯ ಮೆಟ್ಟಿಲ ಕೆಳಗೆ ನಿಂತ. ಗೋಡೆಯ ಮೇಲಿದ್ದ ತನ್ನ ಕೋವಿ ಅವನಿಗೆ ಅಲ್ಲಿಂದ ಕಾಣುತ್ತಿತ್ತು.

"ನಾಳೆ ಒಂದಿನಕ್ಕೆ ಕೊಟ್ಬಿಡಿ ಪಟೇಲ್ರೇ. ಅವ್ನು ಎದ್ದು ಹೋದ ಮ್ಯಾಲೆ ನಾನೇ ತಂದು ನೇತಾಕ್ತೀನಿ."

"ಕೊಡಕಾಗಕಿಲ್ಲ ಕಣಪ್ಪ," ಎಂದ ಪಟೇಲ. ಹೇಳುವಾಗ ಅವನಿಗೂ ಸಂಕಟವಾಯಿತು. "ನಾನೂ ಬತ್ತೀನಿ. ಅಟ್ಟಣೆ ಮ್ಯಾಲೆ ಅವ್ನ ಮಗ್ಗುಲಲ್ಲೇ ಕೂತ್ಕತೀನಿ. ನಾನಿರೋವಾಗ ಏನಾಯ್ತದೆ? ಹೋಗು, ಉಂಡು ಮನೀಕೊ."

ರೈತ ಆ ಮಾತನ್ನು ನಂಬಿದ. ಮನೆಗೆ ಹೋಗಿ ಹೊಟ್ಟೆ ತುಂಬ ಉಂಡ.

"ಇದು ಸರಿ ಬುದ್ಧಿ," ಎಂದು ಗುರುಮಲ್ಲ ಉಸಿರು ಬಿಟ್ಟ. "ನಡುವೆ ಒಬ್ಬ ಇದ್ದರೆ ಸಾಕು. ಅವನಿಗೆ ಕೋವಿ ಬೇಕಾಗಿಯೇ ಇಲ್ಲ."

"ಈಗ ಬೇಡವೇ? ಈಗತಾನೇ ಕೊಡಬೇಕು ಅಂದೆ."

ಗುರುಮಲ್ಲ ತಲೆ ಕೆರೆದುಕೊಂಡ. ಗುರುಗಳು ಅವನ ಮುಂದೆ ಇನ್ನೊಂದಿಷ್ಟು ಕಾಯಿ ಸುರಿದರು.

ಮಾರನೆಯ ದಿನ ಪಟೇಲನ ಮನೆಗೆ ನೆಂಟರು ಬಂದರು. ಮಗಳನ್ನು ನೋಡಲು ಬರುತ್ತೇವೆ ಎಂದು ಬಹಳ ದಿನದಿಂದ ಹೇಳುತ್ತಿದ್ದವರು. ಹೇಳದೆ ಕೇಳದೆ ಅವತ್ತೇ ಬಂದಿಳಿದರು. ಹೆಣ್ಣು ನೋಡಿದರು, ಒಪ್ಪಿದರು. ಊಟವಾಯಿತು, ಮಾತು ಶುರುವಾಯಿತು. ಪಟೇಲ ಮಾತಾಡುತ್ತಲೇ ಬಾಗಿಲಾಚೆಯ ಬಿಸಿಲನ್ನು ನೋಡುತ್ತಿದ್ದ. ಗಂಡಿನ ತಂದೆ ಮಾತು ನಿಲ್ಲಿಸುವ ಮನುಷ್ಯನಲ್ಲ. ಬೀಗರಾಗುವವರನ್ನು ನಡುಮನೆಯಲ್ಲಿ ಬಿಟ್ಟು, ಕೊಂದವನ ಹೊಲ ಕಾಯಲು ಹೋಗಬೇಕು ಎಂದು ಹೇಳಿ ಏಳುವುದು ಹೇಗೆ? ಇನ್ನು ಸ್ವಲ್ಪ ಹೊತ್ತು, ಇನ್ನು ಸ್ವಲ್ಪ ಹೊತ್ತು ಎಂದು ಕೂತ.

ರೈತ ಹೊಲದ ಬದುವಿನ ಮೇಲೆ ನಿಂತು ಊರಿನ ದಾರಿ ನೋಡುತ್ತಿದ್ದ. ದಾರಿಯಲ್ಲಿ ಪಟೇಲ ಕಾಣಲಿಲ್ಲ. ನೆರಳು ಉದ್ದವಾಯಿತು.

"ಅವ್ರು ಬರಾಕಿಲ್ಲ," ಎಂದಳು ಹೆಂಡತಿ. "ಜ್ವಾಳ ಹೋದ್ರೆ ಹೋಗ್ಲಿ. ಮನೆಗೆ ಹೋಗಿ ಬಾಗಿಲು ಹಾಕ್ಕಳನ ನಡೀರಿ."

ರೈತನಿಗೂ ಅದೇ ಆಸೆ. ಆದರೆ ಇವತ್ತು ತಪ್ಪಿಸಿಕೊಂಡರೆ ಪಾಳಿ ಸುತ್ತಿ ಮತ್ತೆ ಸತ್ತವನ ತಮ್ಮನ ಮನೆಗೇ ಬರುತ್ತದೆ. ಎಷ್ಟು ಸಲ ಬಾಗಿಲು ಹಾಕಿಕೊಳ್ಳುವುದು? ಹೆಂಡತಿಯನ್ನು ಮನೆಗೆ ಕಳಿಸಿ, ತಾನು ಪಟೇಲನನ್ನು ಕರೆಯಲು ಊರೊಳಗೆ ಹೋದ. ಪಟೇಲನ ಬಾಗಿಲವರೆಗೂ ಹೋದ. ಒಳಗೆ ಹೆಂಗಸರ ನಗು, ಬಳೆಯ ಸದ್ದು, ಮದುವೆಯ ಮಾತು. ತನ್ನಂಥವನು ಇಂಥ ಹೊತ್ತಿನಲ್ಲಿ ಹೊಸಿಲಲ್ಲಿ ನಿಂತರೆ ಆ ಹೆಣ್ಣುಮಗುವಿನ ಸಂಬಂಧ ಕೆಟ್ಟೀತು ಎಂದು ಅವನಿಗೆ ಅನ್ನಿಸಿತು. ಕೂಗಲಿಲ್ಲ. ಹಿಂದಕ್ಕೆ ತಿರುಗಿದ. ಎದುರಿಗೇ ಚಾವಡಿ. ಚಾವಡಿಯಲ್ಲಿ ಯಾರೂ ಇರಲಿಲ್ಲ.

ಅವನು ಮೆಟ್ಟಿಲು ಹತ್ತಿದ. ಕೋವಿ ಇಳಿಸಿಕೊಂಡ. ಅದರಲ್ಲಿ ಒಂದು ಚೂರು ತುಕ್ಕು ಇರಲಿಲ್ಲ. ವರ್ಷ ವರ್ಷವೂ ಎಣ್ಣೆ ಹಚ್ಚಿ, ಊರು ಅವನ ಕೋವಿಯನ್ನು ಚೆನ್ನಾಗಿ ನೋಡಿಕೊಂಡಿತ್ತು. ಅದನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹಿತ್ತಲ ದಾರಿಯಿಂದ, ಹೆಂಡತಿಗೆ ತಿಳಿಯದ ಹಾಗೆ ಮನೆಗೆ ಹೋಗಿ, ಅಟ್ಟದ ಮೇಲಿದ್ದ ಹಳೆಯ ಮದ್ದು ಗುಂಡು ತುಂಬಿಕೊಂಡು ಹೊಲಕ್ಕೆ ಬಂದ.

ತಮ್ಮ ಆಗಲೇ ಅಟ್ಟಣೆಯ ಮೇಲೆ ಕೂತಿದ್ದ. ಇಡೀ ಊರಿನಲ್ಲಿ ಹೊತ್ತಿಗೆ ಸರಿಯಾಗಿ ಪಾಳಿಗೆ ಬಂದವನು ಅವನೊಬ್ಬನೇ. ರೈತ ಅವನನ್ನು ನೋಡಿದ. ಅವನು ರೈತನನ್ನು ನೋಡಿದ. ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ರೈತ ದೂರ ಹೋಗಿ, ಕಾಡಿನ ಅಂಚಿಗೆ, ಎದೆಯೆತ್ತರದ ಜೋಳದ ಸಾಲಿನಲ್ಲಿ ನಿಂತುಕೊಂಡ.

ಹೊತ್ತು ಮುಳುಗಿತು. ಮಬ್ಬು ಬೆಳಕು ಇನ್ನೂ ಇತ್ತು. ರೈತನ ಪಕ್ಕದ ಸಾಲಿನಲ್ಲಿ ಜೋಳ ಅಲ್ಲಾಡಿತು. ಹಂದಿ ಬಂದಿತ್ತು. ಅಟ್ಟಣೆಯ ಮೇಲಿದ್ದವನು ಕೋವಿ ಎತ್ತಿ ಅತ್ತ ಹಿಡಿದ. ರೈತನಿಗೆ ಹಂದಿ ಕಾಣಲಿಲ್ಲ, ತನ್ನ ಕಡೆಗೆ ತಿರುಗಿದ ಕೋವಿಯ ಮೂತಿ ಕಂಡಿತು. ಅವನ ಹೆಗಲಿನಿಂದ ಕಂಬಳಿ ಜಾರಿತು. ಅವನ ಕೈಯಲ್ಲೂ ಕೋವಿ ಇದೆ ಎಂದು ಆಗ ಅಟ್ಟಣೆಯವನಿಗೆ ಕಂಡಿತು. ಇಬ್ಬರೂ ಅಲ್ಲಾಡಲಿಲ್ಲ. ಇಬ್ಬರಿಗೂ ಹೊಡೆಯಲು ಮನಸ್ಸಿರಲಿಲ್ಲ, ಇಳಿಸಲು ಧೈರ್ಯ ಇರಲಿಲ್ಲ.

ಆ ಹೊತ್ತಿಗೆ ಊರಿನಲ್ಲಿ ಪಟೇಲ ನೆಂಟರನ್ನು ಗಾಡಿ ಹತ್ತಿಸಿ ಅಂಗಳಕ್ಕೆ ಹಿಂದಿರುಗಿದ. ಹೊತ್ತು ಮುಳುಗಿಬಿಟ್ಟಿತ್ತು. ಕೊನೆಯ ಹೊಲ ತಲುಪಲು ಇನ್ನೆಷ್ಟು ಹೊತ್ತೋ. ತಾನು ಮರೆತಿಲ್ಲ ಎಂದು ಅವರಿಬ್ಬರಿಗೂ ತಿಳಿಯಲಿ, ಹಂದಿಯೂ ಓಡಲಿ, ಆಮೇಲೆ ಓಡುತ್ತಾ ಹೋಗೋಣ ಎಂದುಕೊಂಡು ಒಳಗಿನಿಂದ ಕೋವಿ ತಂದ. ಅಂಗಳದಲ್ಲಿ ನಿಂತು, ಕೊನೆಯ ಹೊಲದ ಕಡೆಗೆ ಎತ್ತಿ, ಆಕಾಶಕ್ಕೆ ಒಂದು ಈಡು ಹಾರಿಸಿದ.

ಈಡು ಕೊನೆಯ ಹೊಲಕ್ಕೆ ಕೇಳಿಸಿತು. ದಿನವೂ ಬೋರಲು ಮಲಗುತ್ತಿದ್ದ ರೈತನ ಕೈಯಲ್ಲಿ ಅವತ್ತು ಕೋವಿ ಇತ್ತು. ಅವನು ಹೊಡೆದ.

ತಮ್ಮ ಅಟ್ಟಣೆಯಿಂದ ಕೆಳಗೆ ಬಿದ್ದ. ಜೀವ ಉಳಿಯಿತು, ಬಲಗೈ ಹೋಯಿತು. ರೈತ ಈ ಸಲವೂ ಕೋವಿ ಬಿಸಾಕಿ ಓಡಿ ಹೋಗಿ ಬಿದ್ದವನನ್ನು ಎತ್ತಿಕೊಂಡ. ಹಂದಿ ಕಾಡಿಗೆ ಹೋಯಿತು.

ಕೈಯ ಗಾಯ ಸ್ವಲ್ಪ ಮಾಗಿದ ಮೇಲೆ ಊರು ಚಾವಡಿಯಲ್ಲಿ ಸೇರಿತು. ಅಂಗಳದಲ್ಲಿ ಪೊಲೀಸರ ನಡುವೆ ನಿಂತಿದ್ದ ರೈತನನ್ನು, ಯಾಕೆ ಹೊಡೆದೆ ಎಂದು ಪಟೇಲ ಕೇಳಿದ.

"ಸದ್ದಾಯ್ತು," ಎಂದ ರೈತ. "ಅವ್ನು ಹೊಡ್ದ ಅನ್ಕಂಡೆ. ನಾನೂ ಹೊಡ್ದೆ."

ತಮ್ಮನ ಕೋವಿಯನ್ನು ಊರಿನವರು ಆಗಲೇ ನೋಡಿದ್ದರು. ತುಂಬಿದ ಮದ್ದು ತುಂಬಿದ ಹಾಗೇ ಇತ್ತು. ಹಾಗಾದರೆ ಮೊದಲ ಸದ್ದು ಯಾರದು ಎಂದು ಯಾರೋ ಕೇಳಿದರು. ವ್ಯಾಪಾರಿ ತನ್ನ ಕಾಲ್ಬೆರಳು ನೋಡಿಕೊಳ್ಳುತ್ತಿದ್ದ. ಮಾತು ತಿರುಗಿಸಲೆಂದೋ ಏನೋ, ಎಲ್ಲರೂ ತಮ್ಮನ ಕಡೆಗೆ ತಿರುಗಿದರು. ನೀನು ಕೋವಿ ಹಿಡಿದದ್ದು ಹಂದಿಗೋ ಇವನಿಗೋ, ನಿಜ ಹೇಳು ಎಂದರು. ಹಂದಿಯ ಹೆಜ್ಜೆ ಇದ್ದದ್ದು, ರೈತ ನಿಂತದ್ದು, ಎರಡೂ ಹೆಚ್ಚು ಕಡಿಮೆ ಒಂದೇ ಜಾಗ.

"ಎತ್ತಿದ್ದು ಹಂದಿಗೇಯ," ಎಂದ ತಮ್ಮ. "ಎತ್ತಿದ ಮ್ಯಾಲೆ ಅವ್ನೂ ಕಂಡ. ಅವ್ನ ಕೈಲಿ ಕೋವೀನೂ ಕಾಣಿಸ್ತು. ಆಮ್ಯಾಕೆ ಯಾರಿಗೆ ಹಿಡ್ಕಂಡಿದ್ನೋ ನಂಗೇ ಗೊತ್ತಿಲ್ಲ."

ಪಟೇಲ ಎದ್ದ. ತನ್ನ ಮನೆಯೊಳಗೆ ಹೋಗಿ, ತನ್ನ ಕೋವಿ ತಂದು, ಪೊಲೀಸರು ತಂದಿಟ್ಟಿದ್ದ ಅವರಿಬ್ಬರ ಕೋವಿಗಳ ಪಕ್ಕದಲ್ಲಿ ಚಾವಡಿಯ ಕಟ್ಟೆಯ ಮೇಲೆ ಇಟ್ಟ. ಆಗ ಊರಿಗೆ ಮೊದಲ ಸದ್ದು ಯಾರದು ಎಂದು ತಿಳಿಯಿತು.

ಮನುಷ್ಯನ ಮೇಲೆ ತಿರುಗಿದ ಕೋವಿಯನ್ನು ನೇತುಹಾಕಬೇಕು ಎಂಬುದು ಕಟ್ಟು. ರೈತನ ಕೋವಿ ತಿರುಗಿತ್ತು, ಆದರೆ ಹೆದರಿ ತಿರುಗಿತ್ತು. ತಮ್ಮನ ಕೋವಿ ತಿರುಗಿತ್ತೋ ಇಲ್ಲವೋ ಅವನಿಗೇ ಗೊತ್ತಿರಲಿಲ್ಲ. ಪಟೇಲನ ಕೋವಿ ಯಾರ ಮೇಲೂ ತಿರುಗಿರಲಿಲ್ಲ, ಆದರೆ ಅದು ಸುಮ್ಮನಿದ್ದಿದ್ದರೆ ಆ ದಿನ ಯಾರಿಗೂ ಏನೂ ಆಗುತ್ತಿರಲಿಲ್ಲವೇನೋ. ಊರಿನವರು ಆ ಕೋವಿಗಳನ್ನು ನೋಡುತ್ತಾ, ಯಾವುದನ್ನು ಗೋಡೆಗೆ ಹಾಕಬೇಕು ಎಂದು ತಿಳಿಯದೆ, ಬಿಸಿಲು ಏರುವ ತನಕ ಕೂತಿದ್ದರು.

ಗುರುಗಳು ಕತೆಯನ್ನು ಇಲ್ಲಿಗೆ ನಿಲ್ಲಿಸಿದರು.

"ಕೊನೆಗೆ ಯಾವುದನ್ನು ನೇತುಹಾಕಿದರು ಬುದ್ಧಿ?"

"ನನಗೆ ಗೊತ್ತಿಲ್ಲ."

"ರೈತನ ಗತಿ?"

"ಮತ್ತೆ ಜೈಲು."

ಗುರುಮಲ್ಲನಿಗೆ ಅಳು ಬಂದ ಹಾಗಾಯಿತು. "ಮೊದಲೇ ಕೋವಿ ಕೊಟ್ಟಿದ್ದರೆ ಅವನಿಗೆ ಅಷ್ಟು ಹೆದರಿಕೆ ಇರುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ," ಎಂದ. "ಚಾವಡಿಗೆ ಬೀಗ ಹಾಕಿದ್ದರೆ ಕೋವಿ ಸಿಗುತ್ತಿರಲಿಲ್ಲ, ಆಗಲೂ ಹೊಡೆಯುತ್ತಿರಲಿಲ್ಲ. ಆದರೆ ಆಗ ತಮ್ಮನೇ ಹೊಡೆದುಬಿಡುತ್ತಿದ್ದನೋ ಏನೋ. ಹಾಗಂತ ಕೋವಿ ಕೊಟ್ಟಿದ್ದರೆ ಹೆದರಿಕೆ ಹೋಗಿಯೇ ಬಿಡುತ್ತಿತ್ತು ಅಂತಲೂ ಹೇಳಲಾರೆ. ಬರುವಾಗ ನನ್ನ ತಲೆಯಲ್ಲಿ ಒಂದೇ ಗಂಟಿತ್ತು ಬುದ್ಧಿ. ನೀವು ಅದನ್ನು ಇನ್ನೂ ಗೋಜಲು ಮಾಡಿದಿರಿ."

"ಮಾಡಿದೆ," ಎಂದು ಗುರುಗಳು ಒಪ್ಪಿಕೊಂಡರು. ಮಡಿಲಿನ ಸಿಪ್ಪೆಯನ್ನು ಒಟ್ಟು ಮಾಡಿ ಮೊರಕ್ಕೆ ಹಾಕಿದರು.

ತೊಟ್ಟಿಯಿಂದ ಬಿಸಿಲು ಆಗಲೇ ಹೋಗಿತ್ತು. ಗುರುಮಲ್ಲ ಎದ್ದು ನಿಂತು ಗೇಟಿನ ಕಡೆ ನೋಡಿದ. ರಾಚಪ್ಪ ಅಲ್ಲೇ, ಕಲ್ಲಿನ ಮೇಲೆ, ಬೆಳಗ್ಗೆ ಕೂತ ಹಾಗೇ ಕೂತಿದ್ದ.

"ಅವನು ಕೊನೇ ಬಸ್ಸಿಗೆ ಹೋಗಬೇಕು ಬುದ್ಧಿ. ಬಸ್ಸಿಳಿದ ಮೇಲೆ ಕಾಡಿನ ಪಕ್ಕದಲ್ಲಿ ಒಬ್ಬನೇ ನಡೆಯಬೇಕಂತೆ. ಅವರು ಅಡ್ಡಗಟ್ಟುವುದೂ ಅಲ್ಲೇ ಅಂತೆ. ಕೋವಿ ಹಿಡಿಯಬಹುದು ಅನ್ನಲೋ, ಬಾರದು ಅನ್ನಲೋ? ಏನು ಹೇಳಿ ಕಳಿಸಲಿ?"

ಗುರುಗಳು ಮೊರವನ್ನು ಪಕ್ಕಕ್ಕೆ ಸರಿಸಿ, ಅವನ ಮುಖವನ್ನೇ ನೋಡುತ್ತಾ ಕೇಳಿದರು:

"ಅದಿರಲಿ ಗುರುಮಲ್ಲ, ಇವತ್ತಿನ ಪಾಳಿ ಯಾರದು?"